ಕಾರ್ಟೂನಿಗೆ ಮಾತು ಕೊಟ್ಟ ಆಯಿ

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟುತ್ತಿದ್ದ ಆಯಿ ಹಸಿರು ಸೀರೆ ಉಟ್ಟಿರುತ್ತಿದ್ದಳು ಎಂದು ಬರೆದೆ, ಹೊಡೆದುಹಾಕಿದೆ. ಆ ಬಣ್ಣ ನಾನೇ ಆಮೇಲೆ ಬಳಿದದ್ದಿರಬಹುದು. ದನಿಯ ಬಗ್ಗೆ ಮಾತ್ರ ಅನುಮಾನವಿಲ್ಲ.

ಅವಳ ಮನೆಯ ಟಿವಿಯಲ್ಲಿ ಅಮೆರಿಕದ ಕಾರ್ಟೂನು ಇಂಗ್ಲಿಷಿನಲ್ಲೇ ಬರುತ್ತಿತ್ತು. ಓಣಿಯ ಮಕ್ಕಳಾದ ನಮಗೂ ತಿಳಿಯದು, ಅವಳಿಗೂ ತಿಳಿಯದು. ತೊಡೆಯ ಮೇಲೆ ಮೊರ ಇಟ್ಟುಕೊಂಡು ಎಲೆ ಸುತ್ತುತ್ತಲೇ ಆಯಿ ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದಳು. ನರಿ ಬಂಡೆಯಿಂದ ಬಿದ್ದರೆ, "ಅಯ್ಯಯ್ಯ, ನನ್ನ ಸೊಂಟ ಹೋತಲೇ! ನಗತೀಯೇನ ಬಾತುಕೋಳಿ, ನಿಮ್ಮವ್ವಗ ಹೇಳ್ತೀನಿ ತಡಿ!" ನಾವು ಉರುಳಾಡಿ ನಗುತ್ತಿದ್ದೆವು.

ಒಂದು ಸಂಜೆ ಅದೇ ಕಾರ್ಟೂನು ಹಿಂದಿಯಲ್ಲಿ ಬಂತು. ಆಯಿ ಎಂದಿನಂತೆ ಶುರು ಮಾಡಿದಳು.

"ಆಯಿ, ಸುಮ್ನಿರ ಬೇ. ಈಗ ಅವಽ ಮಾತಾಡಾಕತ್ತಾವ," ಅಂದಳು ಮೊಮ್ಮಗಳು.

"ಮಾತಾಡ್ಲಿ ಬಿಡವ್ವಾ. ಪಾಪ, ಬಾಯಿ ಬಂತಲ್ಲ ಅವಕ್ಕ," ಎಂದು ಆಯಿ ಬೀಡಿಗೆ ದಾರ ಬಿಗಿದಳು.

ಆ ಹಿಂದಿ ನಮಗೆ ಶಾಲೆಯಿಂದ ಅಷ್ಟಿಷ್ಟು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ನರಿ ಏನೋ ಅಂದಿತು, ನಾವೆಲ್ಲ ಗೊಳ್ಳೆಂದು ನಕ್ಕೆವು.

"ಏನಂತು ನರಿ, ಹೇಳ್ರೆಪಾ?"

ಯಾರೂ ಟಿವಿಯಿಂದ ಕಣ್ಣು ಕೀಳಲಿಲ್ಲ. ನಮ್ಮ ಮುಖ ನೋಡಿ ಆಯಿಯೂ ನಕ್ಕಳು, ತುಸು ತಡವಾಗಿ.