ಚುಟ್ಟಾ ಕಾರ್ಖಾನೆಯ ಓದುಗನ ನಿದ್ದೆ

ಕಬೈಗ್ವಾನ್ ಊರಿನ ಚುಟ್ಟಾ ಕಾರ್ಖಾನೆಯಲ್ಲಿ ಎವೆಲಿಯೊ ಸಾರ್ದಿನ್ಯಾಸ್ ಇಪ್ಪತ್ತೆರಡು ವರ್ಷದಿಂದ ಓದುಗ. ನೂರಾ ನಲವತ್ತು ಜನ ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುತ್ತಿದ್ದರೆ, ಇವನು ಎತ್ತರದ ಕಟ್ಟೆಯ ಮೇಲೆ ಮೈಕಿನ ಮುಂದೆ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದಬೇಕು. ಓದುಗನನ್ನು ಆರಿಸುವವರು ಕೆಲಸಗಾರರೇ, ಇಳಿಸುವವರೂ ಅವರೇ. ಓದು ಹಿಡಿಸಿದರೆ ಎಲೆ ಕತ್ತರಿಸುವ ಚಾಕುವಿನಿಂದ ಹಲಗೆ ಕುಟ್ಟುತ್ತಾರೆ, ಹಿಡಿಸದಿದ್ದರೆ ಚಾಕುವನ್ನು ನೆಲಕ್ಕೆ ಬಿಡುತ್ತಾರೆ. ಮ್ಯಾನೇಜರು ಅದರಲ್ಲಿ ಬಾಯಿ ಹಾಕುವಂತಿಲ್ಲ.

ಹೆಂಡತಿ ಮಿರ್ತಾ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಾರ್ಖಾನೆಯಿಂದ ಹೊರಗೆ ಅವನು ಆಡುತ್ತಿದ್ದ ಮಾತೆಂದರೆ ಬ್ರೆಡ್ಡಿನ ಸಾಲಿನಲ್ಲಿ “ಕೊನೇಲಿ ಯಾರಿದೀರಾ?” ಎಂದು ಕೇಳುವುದೊಂದೇ. ಅಷ್ಟು ಜನ ತನ್ನ ದನಿಗೆ ಕಿವಿಗೊಡುವ ಆ ಕೆಲವು ತಾಸು ಕೈತಪ್ಪಿದರೆ ಅವನ ಬದುಕಿನಲ್ಲಿ ಉಳಿಯುವುದು ಏನೂ ಇರಲಿಲ್ಲ.

ಈಚಿನ ಎರಡು ವರ್ಷ ಎವೆಲಿಯೊ ಹೆಸರಾಗಿದ್ದು ಓದಿಗಿಂತ ಹೆಚ್ಚಾಗಿ ಓದಿನ ನಡುವಿನ ಮೌನಕ್ಕೆ. ನಾಯಕ ಬಾಗಿಲು ತಳ್ಳಿದ, ಒಳಗೆ ನೋಡಿದರೆ, ಎನ್ನುವಲ್ಲಿ ಅವನು ಸುಮ್ಮನಾಗಿಬಿಡುತ್ತಿದ್ದ. ಇಡೀ ಕಾರ್ಖಾನೆಯ ಕೈ ನಿಲ್ಲುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಇವನ ಹತ್ತಿರ ಕಲಿಯಬೇಕು ಎಂದು ಪಕ್ಕದ ಊರಿನ ಓದುಗರು ಬಂದು ಕೇಳಿಕೊಂಡು ಹೋದರು. ನಿಜ ಹೇಳಬೇಕೆಂದರೆ ಅವನು ಆಗ ನಿದ್ದೆ ಹೋಗಿರುತ್ತಿದ್ದ. ಬೆಚ್ಚಿ ಎದ್ದಾಗ ಬೆರಳು ಯಾವುದೋ ಸಾಲಿಗೆ ಜಾರಿರುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಯಾರು ತಾನೇ ಹೊಗಳಿಕೆಯನ್ನು ತಿದ್ದಲು ಹೋಗುತ್ತಾರೆ?

ಫೆಬ್ರವರಿಯ ಒಂದು ಮಂಗಳವಾರ, ಕಥೆಯ ಹುಡುಗಿ ತಾಯಿಯ ಹಾಸಿಗೆಯ ಪಕ್ಕ ಮಂಡಿಯೂರಿದಾಗ, ಮೈಕಿನಿಂದ ಗೊರಕೆ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ಸಲ ಅರ್ಧ ಜನ ನಕ್ಕರು, ಮೂರನೆಯ ಸಲ ಮೂರು ಚಾಕು ನೆಲಕ್ಕೆ ಬಿದ್ದವು. ಮೊದಲ ಸಾಲಿನಲ್ಲಿ ಮೂವತ್ತು ವರ್ಷದಿಂದ ಚುಟ್ಟಾ ಸುತ್ತುತ್ತಿದ್ದ ನೆರೆಯ್ದಾ ಅವನನ್ನು ಮೆಟ್ಟಿಲ ಬಳಿ ತಡೆದಳು.

“ನಿನ್ನ ಇಳಿಸೋದಾ ಬೇಡ್ವಾ ಅಂತ ಮಾರ್ಚ್ ಕೊನೇಲಿ ಕೈ ಎತ್ತಿಸ್ತಾರಂತೆ. ನೀನು ಕುಡೀತೀಯ ಅಂತಿದಾರೆ. ನಾನು ಇಲ್ಲ ಅಂದೆ. ಮತ್ತೇನು ಅಂತ ಕೇಳಿದ್ರೆ, ನಂಗೂ ಗೊತ್ತಿಲ್ವಲ್ಲ ಮಾರಾಯ.”

ಎವೆಲಿಯೊಗೂ ಗೊತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದ. ಆ ವಾರ ಅವನು ಹಲ್ಲಿನ ಡಾಕ್ಟರ ಹತ್ತಿರ ಹೋದದ್ದು ನಿದ್ದೆಗಾಗಿ ಅಲ್ಲ, ಮುರಿದ ದವಡೆ ಹಲ್ಲಿಗಾಗಿ. ಡಾಕ್ಟರ್ ಇದಾಲ್ಮಿಸ್ ಮೂಗಿನ ತುದಿಯಲ್ಲೇ ಕೋಪವಿರುವ ಹೆಂಗಸು. ಸೂಜಿ ಚುಚ್ಚಿ, ಒಸಡು ಜೋಮು ಹಿಡಿಯಲಿ ಎಂದು ಆಚೆ ಹೋಗಿ ಬರುವಷ್ಟರಲ್ಲಿ ಇವನು ಕುರ್ಚಿಯಲ್ಲೇ ಬಾಯಿ ತೆರೆದು ಮಲಗಿದ್ದ. ಎಚ್ಚರವಾದಾಗ ಆಕೆ ಕೈಗಡಿಯಾರ ನೋಡುತ್ತ ನಿಂತಿದ್ದಳು.

“ಇಪ್ಪತ್ತೆಂಟು ಸೆಕೆಂಡ್ ನಿಮಗೆ ಉಸಿರೇ ಇರ್ಲಿಲ್ಲ. ಆಮೇಲೆ ಇನ್ನೊಂದು ಸಲ. ಮನೇಲಿ ಯಾರೂ ನಿಮಗೆ ಹೇಳ್ಲಿಲ್ವಾ?”

“ಹೇಳೋಕೆ ಯಾರಿದಾರೆ ಡಾಕ್ಟ್ರೇ?”

ಆಕೆ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದಳು. ಅಲ್ಲಿ ಮೈಗೆಲ್ಲ ತಂತಿ ಸಿಕ್ಕಿಸಿ ಮಲಗಿಸಿ ನೋಡಿ, ಇದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯೇ ಎಂದು ಬರೆದುಕೊಟ್ಟರು. ಮಲಗಿದಾಗ ಕೆಳದವಡೆ ಹಿಂದಕ್ಕೆ ಜಾರುತ್ತದೆ, ನಾಲಿಗೆ ಗಂಟಲಿಗೆ ಅಡ್ಡ ಬೀಳುತ್ತದೆ, ಮೈ ರಾತ್ರಿಗೆ ನೂರು ಸಲ ಅರೆಬರೆ ಎಚ್ಚರವಾಗುತ್ತದೆ, ಅದಕ್ಕೇ ಹಗಲು ಈ ತೂಕಡಿಕೆ. ಗಾಳಿ ಊದುವ ಯಂತ್ರವೊಂದಿದೆ, ಆದರೆ ದಿನಕ್ಕೆ ಹತ್ತು ತಾಸು ಕರೆಂಟ್ ಹೋಗುವ ನಮ್ಮ ಊರಲ್ಲಿ ಅದನ್ನು ಕಟ್ಟಿಕೊಂಡು ಏನು ಮಾಡುವುದು? ಹಾಗಾಗಿ ಅಲ್ಲಿಯವರೇ ಅವನನ್ನು ಮತ್ತೆ ಇದಾಲ್ಮಿಸಳ ಬಳಿಗೆ ಕಳಿಸಿದರು. ಆಕೆ ಅವನ ಹಲ್ಲಿನ ಅಚ್ಚು ತೆಗೆದು, ರಾತ್ರಿ ಬಾಯಲ್ಲಿಟ್ಟುಕೊಂಡು ಮಲಗಲು ಮೇಲಕ್ಕೊಂದು ಕೆಳಕ್ಕೊಂದು ತಟ್ಟೆ ಮಾಡಿ, ಕೆಳದವಡೆ ತುಸು ಮುಂದೆಯೇ ನಿಲ್ಲುವಂತೆ ಎರಡನ್ನೂ ಜೋಡಿಸಿದಳು. ಭೇಟಿ ಕೊಟ್ಟಾಗಲೆಲ್ಲ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವಳು. ಮೊದಮೊದಲು ಬೆಳಿಗ್ಗೆ ಎದ್ದರೆ ದವಡೆ ನೋಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಯಾರ ಮೇಲೆ ಜಗಳಕ್ಕೆ ಹೊರಟಿದ್ದೀಯ, ಗದ್ದ ಮುಂದೆ ಬಂದಿದೆಯಲ್ಲ ಎಂದು ನೆರೆಯ್ದಾ ಛೇಡಿಸಿದಳು. ಮೂರನೆಯ ವಾರಕ್ಕೆ ತಲೆಭಾರ ಇಳಿಯಿತು.

ಮಾರ್ಚ್ ಕೊನೆಯ ಶುಕ್ರವಾರ, ಕೈ ಎತ್ತುವ ಮೊದಲು ಒಂದು ತಾಸು ಓದಿ ತೋರಿಸು ಎಂದರು. ಅವನು ಎರಡು ತಾಸು ಓದಿದ, ಎಲ್ಲೂ ತಡವರಿಸಲಿಲ್ಲ. ಹಳೆಯ ಮೌನವೇ ಚೆನ್ನಾಗಿತ್ತು ಎಂದು ಒಂದಿಬ್ಬರು ಗೊಣಗಿದ್ದು ಬಿಟ್ಟರೆ ಅವನ ವಿರುದ್ಧ ಒಂದು ಕೈಯೂ ಏಳಲಿಲ್ಲ. ನೂರಾ ನಲವತ್ತು ಚಾಕುಗಳು ಹಲಗೆ ಕುಟ್ಟಿದವು. ಆಮೇಲೆ ಗಂಟೆ ಹೊಡೆಯಿತು, ಎಲ್ಲರೂ ಮನೆಗೆ ಹೋದರು.

ಎವೆಲಿಯೊನೂ ಹೋದ. ಅನ್ನ, ಕರಿ ಹುರುಳಿ ತಿಂದು ತಟ್ಟೆ ತೊಳೆದು, ತೂಗುಕುರ್ಚಿಯಲ್ಲಿ ಕೂತ. ಎಂಟು ವರ್ಷ ಅವನು ಹೀಗೆ ಕೂತದ್ದೇ ತಡ, ನಿದ್ದೆ ಅವನನ್ನು ಎತ್ತಿಕೊಂಡು ಹೋಗಿ ಬೆಳಗಿಗೆ ಇಳಿಸುತ್ತಿತ್ತು. ಈಗ ಕಣ್ಣು ಮುಚ್ಚಲೊಲ್ಲದು. ಐದೂವರೆಯಾಯಿತು, ಆರಾಯಿತು. ಬೀದಿಯಲ್ಲಿ ಪಕ್ಕದ ಮನೆಯವರು ಡಾಮಿನೋ ಆಟಕ್ಕೆ ಹಲಗೆ ಹಾಕಿಕೊಂಡು ನಾಲ್ಕನೆಯ ಆಟಗಾರನಾಗಿ ಆಚೆ ಬೀದಿಯವನನ್ನು ಕೂಗಿದರು. ಅವರಿಗೆ ದ್ವೇಷವೇನಿಲ್ಲ, ಇವನನ್ನು ಕರೆಯುವ ಅಭ್ಯಾಸ ತಪ್ಪಿಹೋಗಿತ್ತು. ಮಿರ್ತಾ ಇಲ್ಲ ಎನ್ನುವುದು ಅವನಿಗೆ ಅವತ್ತು ಹೊಸದಾಗಿ ತಿಳಿಯಿತು.

ಮುಂದಿನ ವಾರದ ತಪಾಸಣೆಯಲ್ಲಿ ಇದಾಲ್ಮಿಸ್ ದವಡೆ ಒತ್ತಿ ನೋಡಿದಳು. ಹಗಲು ತೂಕಡಿಕೆ ಇದೆಯೇ, ತಲೆ ನೋಯುತ್ತದೆಯೇ ಎಂದು ಕೇಳಿದಳು. ಯಾವುದೂ ಇಲ್ಲ ಎಂದ ಎವೆಲಿಯೊ. ಇನ್ನೇನು, ಹೊರಡಿ, ಆರು ತಿಂಗಳು ಬಿಟ್ಟು ಬನ್ನಿ ಎಂದಳು. ಅವನು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.

“ಸಂಜೆ ಇಷ್ಟು ಉದ್ದ ಇರುತ್ತೆ ಅಂತ ನಂಗೆ ಮರೆತೇ ಹೋಗಿತ್ತು ಡಾಕ್ಟ್ರೇ.”

ಆಕೆ ನಗಲು ಹೊರಟವಳು ಅವನ ಮುಖ ನೋಡಿ ನಗಲಿಲ್ಲ. ಮುಂದಿನ ರೋಗಿಯ ಚೀಟಿಯನ್ನು ಕೆಳಗಿಟ್ಟು, ಹಲ್ಲುನೋವು ವಿಚಾರಿಸುವ ಹಾಗೆಯೇ ಕೇಳಿದಳು.

“ಎಷ್ಟು ಗಂಟೆಗೆ ಶುರುವಾಗುತ್ತೆ?”

“ಐದಕ್ಕೆ,” ಎಂದ ಎವೆಲಿಯೊ. “ಮಲಗೋವರೆಗೂ ಇರುತ್ತೆ.”