ಕಾಪುವಿನಲ್ಲಿ ನಿಲ್ಲಿಸಿದ ಮಾತ್ರೆ

ಮಂಗಳವಾರ ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದೆ. ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ಕುಣಿಯತೊಡಗಿತು. ಸೌಟು ಕೆಳಗಿಟ್ಟೆ. ಬಲಗೈಯಿಂದ ಅದನ್ನು ಒತ್ತಿ ಹಿಡಿದೆ. ನಿಲ್ಲಲಿಲ್ಲ. ಮಣಿಕಟ್ಟಿನ ತನಕ ಹತ್ತಿ, ಕಾವಲಿಯ ಮೇಲಿದ್ದ ದೋಸೆ ಸೀಯುವಷ್ಟು ಹೊತ್ತು ಇದ್ದು, ಹೋಯಿತು.

ಬೇರೆಯವರಾದರೆ ನರ ಹಿಡಿದುಕೊಂಡಿತು ಅಂದುಕೊಳ್ಳುತ್ತಿದ್ದರೇನೋ. ನನಗೆ ಅದರ ಪರಿಚಯ ಇತ್ತು.

ಒಂಬತ್ತನೆಯ ವಯಸ್ಸಿನಲ್ಲಿ, ಕಾಪುವಿನ ತವರುಮನೆಯಲ್ಲಿರುವಾಗ, ನನಗೆ ಫಿಟ್ಸ್ ಶುರುವಾಗಿತ್ತು. ಆಗಲೂ ಇದೇ ಎಡಗೈ. ಉಡುಪಿಯ ಡಾಕ್ಟರು ಕೊಟ್ಟ ಮಾತ್ರೆಯಿಂದ ಹತೋಟಿಗೆ ಬಂತು. ಇಪ್ಪತ್ತೆರಡಕ್ಕೆ ಕುಕ್ಕುಂದೂರಿನ ಸಂಬಂಧ ಬಂದಾಗ, ಹುಡುಗನ ಕಡೆಯವರು ನೋಡಲು ಬರುವುದಕ್ಕೆ ಒಂದು ವಾರ ಇದೆ ಎನ್ನುವಾಗ, ಅಮ್ಮ ಡಾಕ್ಟರ ಚೀಟಿಯನ್ನೂ ಮಾತ್ರೆಯನ್ನೂ ಬಚ್ಚಲೊಲೆಗೆ ಹಾಕಿದರು. "ಹೋದ ಮನೆಯಲ್ಲಿ ಈ ಶಬ್ದ ಬಾಯಿಯಲ್ಲಿ ಬರಬಾರದು" ಎಂದರು. ನಮ್ಮಲ್ಲಿ ಇದನ್ನು ಯಾರೂ ಸುಳ್ಳು ಎಂದು ಎಣಿಸುವುದಿಲ್ಲ, ಹೆಣ್ಣುಮಕ್ಕಳ ವಿಷಯದಲ್ಲಿ ತೆಗೆದುಕೊಳ್ಳುವ ಜಾಗ್ರತೆ ಎನ್ನುತ್ತಾರೆ. ನನ್ನ ಅದೃಷ್ಟಕ್ಕೆ ಇಪ್ಪತ್ತೊಂಬತ್ತು ವರ್ಷ ಅದು ಈ ಕಡೆ ಸುಳಿಯಲಿಲ್ಲ. ಗಂಡನಿಗೆ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ.

ಮಗಳು ಮಕ್ಕಳ ಡಾಕ್ಟರು.

ಶ್ರಾವ್ಯ ಎಂ.ಡಿ. ಮುಗಿಸಿ, ಮಕ್ಕಳ ನ್ಯೂರಾಲಜಿಯಲ್ಲಿ ಇನ್ನೂ ಮೂರು ವರ್ಷದ ಟ್ರೈನಿಂಗಿಗೆ ಅರ್ಜಿ ಹಾಕಿದ್ದಳು. ಫಿಟ್ಸ್ ಬರುವ, ನಡೆಯಲು ಮಾತಾಡಲು ತಡವಾಗುವ ಮಕ್ಕಳನ್ನು ನೋಡುವ ವಿಭಾಗ ಅದು. ಸೀಟುಗಳು ಬಹಳ ಕಡಿಮೆ. ಹೋದ ವರ್ಷ ಸ್ವಲ್ಪದರಲ್ಲಿ ಕೈತಪ್ಪಿತ್ತು. ಈ ಸಲ ಲಿಖಿತ ಪರೀಕ್ಷೆ ದಾಟಿದ್ದಳು. ಬರುವ ಸೋಮವಾರ ದೆಹಲಿಯಲ್ಲಿ ಇಂಟರ್‌ವ್ಯೂ, ಭಾನುವಾರ ವಿಮಾನ. ಅವಳು ವಿಮಾನ ಹತ್ತುವ ತನಕ ನನ್ನ ಕೈ ಸುಮ್ಮನಿದ್ದರೆ ಸಾಕಿತ್ತು. ನಾನು ಬಿದ್ದರೆ ಅವಳು ಹೋಗುವುದಿಲ್ಲ.

ಬುಧವಾರ ಚಾವಡಿಯಲ್ಲಿ ಅಪ್ಪ ಮಗಳ ಇಂಟರ್‌ವ್ಯೂ ತಾಲೀಮು. ನಿಟ್ಟೆಯ ಕಾಲೇಜಿನ ಆಫೀಸಿನಿಂದ ನಿವೃತ್ತರಾದ ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಪ್ರಶ್ನೆ ಕೇಳುತ್ತಿದ್ದರು.

"ಹೇಳಿ ಡಾಕ್ಟರೇ, ಇಷ್ಟೆಲ್ಲ ವಿಭಾಗ ಇರುವಾಗ ನಿಮಗೆ ಇದೇ ಯಾಕೆ?"

"ಅಪ್ಪ, ಮೀಸೆ ತಿರುಗಿಸ್ಬೇಡಿ. ನಗು ಬರ್ತದೆ."

"ನಗುವವರಿಗೆ ಸೀಟು ಇಲ್ಲ. ಮುಂದೆ."

ಅವಳು ಸ್ವರ ಸರಿಮಾಡಿಕೊಂಡಳು. ವಾರ್ಡಿನಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಳಂತೆ. ಮನೆಯವರೇ ಮಾತ್ರೆ ನಿಲ್ಲಿಸಿದ್ದರಂತೆ. "ಒಂದು ಗಂಟೆ ಫಿಟ್ಸ್ ನಿಲ್ಲಲಿಲ್ಲ ಅಪ್ಪ. ಕೇಳಿದ್ರೆ ಅವಳ ಅಮ್ಮ, ನಾಳೆ ಮದುವೆಗೆ ತೊಂದರೆ ಅಲ್ವಾ ಡಾಕ್ಟರೇ, ಅಂತಾರೆ. ಅಂಥವರನ್ನು ಕಂಡ್ರೆ ನಂಗೆ ಮೈ ಉರೀತದೆ."

"ಅಲ್ಲಿ ಹೋಗಿ ಮೈ ಉರೀತದೆ ಅನ್ಬೇಡ ಮಾರಾಯ್ತಿ."

ಇಬ್ಬರೂ ನಕ್ಕರು. ಬಾಗಿಲ ಹಿಂದೆ ನಾನು ಎಡಗೈಯನ್ನು ಸೆರಗಿನೊಳಗೆ ಸುತ್ತಿ ನಿಂತಿದ್ದೆ. ಅದು ಮತ್ತೆ ಕುಣಿಯುತ್ತಿತ್ತು.

ಗುರುವಾರ ಹತ್ತು ಗಂಟೆಗೆ ಬಸಳೆ ಹೆಚ್ಚಲು ಕೂತಿದ್ದೆ. ಕೈ ಭುಜದವರೆಗೂ ಎಳೆಯಿತು. ಮೆಟ್ಟುಕತ್ತಿಯನ್ನು ದೂರ ತಳ್ಳಿದ್ದು ನೆನಪಿದೆ.

ಆಮೇಲಿನದು ನನ್ನಲ್ಲಿ ಇಲ್ಲ.

ಎಚ್ಚರವಾದಾಗ ಬಾಯಿಯಲ್ಲಿ ರಕ್ತದ ರುಚಿ. ಸೀರೆ ಒದ್ದೆ. ಮಗಳು ನನ್ನನ್ನು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡುತ್ತಿದ್ದಳು. ಇವರು ಕಪಾಟಿನ ಕೀಲಿಗೊಂಚಲನ್ನು ನನ್ನ ಅಂಗೈಗೆ ತುರುಕುತ್ತಿದ್ದರು.

"ಅಪ್ಪ, ಕಬ್ಬಿಣ ಎಂತ ಮಾಡ್ತದೆ? ಅದು ಬಿಟ್ಟು ಕಾರು ತೆಗೀರಿ."

ಅವಳ ಸ್ವರ ಡಾಕ್ಟರದ್ದೇ. ನನ್ನ ಹಣೆಯ ಮೇಲಿದ್ದ ಬೆರಳುಗಳು ಮಾತ್ರ ತಣ್ಣಗಿದ್ದವು.

ಮಣಿಪಾಲದಲ್ಲಿ ಕ್ಯಾಶುವಾಲಿಟಿ, ಇಂಜೆಕ್ಷನ್, ರಕ್ತ ಪರೀಕ್ಷೆ. ಎಂ.ಆರ್.ಐ.ಗೆ ಸರದಿ ಕಾಯಬೇಕಿತ್ತು. ತಾಳಿ, ಬಳೆ, ಮೂಗುಬೊಟ್ಟು ಎಲ್ಲ ಬಿಚ್ಚಿಸಿದರು. ಇವರು ಅವನ್ನು ಕರವಸ್ತ್ರದಲ್ಲಿ ಕಟ್ಟಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಅದನ್ನು ನೋಡಿ ನನಗೆ ಮೊದಲ ಬಾರಿಗೆ, ಸತ್ತೇ ಹೋಗುತ್ತೇನೇನೋ ಎಂಬ ಯೋಚನೆ ಬಂತು.

ಚಿಕ್ಕ ಪ್ರಾಯದ ಡಾಕ್ಟರು ಫೈಲು ಹಿಡಿದು ಬಂದರು. "ಮೊದಲು ಯಾವತ್ತಾದ್ರೂ ಹೀಗೆ ಆಗಿದೆಯಾ ಅಮ್ಮ? ಚಿಕ್ಕಂದಿನಲ್ಲಿ?"

"ಇಲ್ಲ ಡಾಕ್ಟರೇ" ಎಂದು ಇವರೇ ಹೇಳಿಬಿಟ್ಟರು. "ಇವಳಿಗೆ ಜ್ವರ ಕೂಡ ಅಪರೂಪ."

ಡಾಕ್ಟರು ಬರೆದುಕೊಂಡರು. ಶ್ರಾವ್ಯ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದಳು.

"ಎಂತ ಮಾಡ್ತಿದ್ದಿ?" ಎಂದೆ. ಕಚ್ಚಿದ ನಾಲಗೆ ಹೊರಳುತ್ತಿರಲಿಲ್ಲ.

"ಟಿಕೆಟ್ ಕ್ಯಾನ್ಸಲ್. ಈ ವಯಸ್ಸಿಗೆ ಹೊಸದಾಗಿ ಫಿಟ್ಸ್ ಬಂದ್ರೆ ಒಳಗೆ ಗೆಡ್ಡೆ ಉಂಟಾ, ಎಂತ ಉಂಟು ನೋಡ್ಬೇಕು. ನಿನ್ನನ್ನು ಹೀಗೆ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ?"

ಹೊಸದಾಗಿ. ಆ ಒಂದು ಮಾತು ಸರಿಯಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಯಿ ಬಿಟ್ಟರೆ ಇವರ ಎದುರು ಇಪ್ಪತ್ತೊಂಬತ್ತು ವರ್ಷದ ಸಂಸಾರವನ್ನು ಬಿಚ್ಚಿಟ್ಟ ಹಾಗೆ. ಬಿಡದಿದ್ದರೆ ಮಗಳ ಸೀಟು ಹೋಗುತ್ತದೆ.

"ಮೊದಲೇ ಇತ್ತು" ಎಂದೆ.

ಶ್ರಾವ್ಯ ಮೊಬೈಲು ಕೆಳಗಿಟ್ಟಳು. ಸ್ಟೂಲು ಎಳೆದು ಕೂತಳು. ನನ್ನನ್ನೂ ತನ್ನ ವಾರ್ಡಿನ ಮಗುವಿನಂತೆ ಕೇಳತೊಡಗಿದಳು.

"ಯಾವ ವಯಸ್ಸಿಗೆ?"

"ಒಂಬತ್ತು."

"ಯಾವ ಕೈಯಿಂದ?"

"ಇದೇ."

"ಮಾತ್ರೆ ಯಾರು ನಿಲ್ಲಿಸಿದ್ದು?"

"ನಿನ್ನ ಅಜ್ಜಿ." ಸ್ವಲ್ಪ ತಡೆದು, "ನಾನೂ" ಎಂದೆ.

ಅವಳ ಮೈ ಉರಿಯಲಿಲ್ಲ. ಎದ್ದು ಹೊರಗೆ ಹೋದಳು. ಬೈದಿದ್ದರೆ ಆಗುತ್ತಿತ್ತು. ಇವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಮರುದಿನ ರಿಪೋರ್ಟು ಬಂತು. ಗೆಡ್ಡೆ ಇರಲಿಲ್ಲ. ಮೆದುಳಿನ ಬಲಭಾಗದಲ್ಲಿ ಹಳೆಯ ಸಣ್ಣ ಕಲೆ. "ಹಳೆಯದೇ ತಿರುಗಿ ಬಂದ ಹಾಗೆ ಕಾಣ್ತದೆ. ನೀವು ಹೇಳಿದ್ದರಿಂದ ದಾರಿ ಸುಲಭ ಆಯ್ತು" ಎಂದರು ಡಾಕ್ಟರು. ದಿನಕ್ಕೆ ಎರಡು ಮಾತ್ರೆ. ಯಾರೇ ಹೇಳಿದರೂ ನಿಲ್ಲಿಸುವಂತಿಲ್ಲ. ಶನಿವಾರ ಮನೆಗೆ ಬಂದೆವು.

ಬಟ್ಟೆ ಮಡಚುತ್ತಾ ಶ್ರಾವ್ಯ ಕೇಳಿದಳು, "ನಾನು ಹೋಗ್ಬೇಕಾ, ಬೇಡ್ವಾ?"

"ಹೋಗು. ನಾನು ಸರಿ ಇದ್ದೇನೆ."

"ಇದು ನಿಜ ಅಂತ ನಂಗೆ ಹೇಗೆ ಗೊತ್ತಾಗೋದು ಅಮ್ಮ?"



ಆದರೂ ಹೋದಳು. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟಳು: ಸ್ನಾನದ ಕೋಣೆಗೆ ಚಿಲಕ ಬೇಡ. ಬಾವಿಕಟ್ಟೆಗೆ ಒಬ್ಬಳೇ ಬೇಡ. ಒಲೆಯ ಹತ್ತಿರ ಜೊತೆಗೆ ಯಾರಾದರೂ ಇರಬೇಕು. ಹೀಗಾಗಿ ಇವರು ಈಗ ಅಡುಗೆಮನೆಯಲ್ಲೇ ಪೇಪರು ಓದುತ್ತಾರೆ, ಒಗ್ಗರಣೆಯ ಹೊಗೆಗೆ ಸೀನುತ್ತಾರೆ, ಮಾತ್ರೆಯ ಹೊತ್ತಿಗೆ ನೀರು ಕೊಡುತ್ತಾರೆ. ಆ ಇಪ್ಪತ್ತೊಂಬತ್ತು ವರ್ಷದ ವಿಷಯ ಮಾತ್ರ ಎತ್ತಲಿಲ್ಲ. ಫಿಟ್ಸ್‌ಗಿಂತ ನನಗೆ ಆ ಮೌನದ ಭಯ ಹೆಚ್ಚಾಯಿತು. ಬೆಳಿಗ್ಗೆ ಏಳುವಾಗ ಮೊದಲು ಕೈ ನೋಡಿಕೊಳ್ಳುತ್ತೇನೆ, ಆಮೇಲೆ ಇವರ ಮುಖ.

ಮೊನ್ನೆ ಲಿಸ್ಟು ಬಂತು. ಶ್ರಾವ್ಯಳ ಹೆಸರು ಉಂಟು.

ಅದೇ ಸಂಜೆ ಬಜಗೋಳಿಯಿಂದ ಇವರ ಅಕ್ಕ ಫೋನು ಮಾಡಿದರು. ಶ್ರಾವ್ಯಳಿಗೆ ಒಳ್ಳೆಯ ಕಡೆಯಿಂದ ಒಂದು ಸಂಬಂಧ ಬಂದಿದೆಯಂತೆ. ನಾನು ಅಕ್ಕಿ ತೊಳೆಯುತ್ತಿದ್ದವಳು ಹಾಗೆಯೇ ನಿಂತೆ.

"ಅಕ್ಕ, ಅವಳು ಮೂರು ವರ್ಷ ದೆಹಲಿಯಲ್ಲಿ ಓದ್ತಾಳೆ. ಕಾಯುವುದಾದ್ರೆ ಕಾಯಲಿ" ಎಂದರು ಇವರು. "ಮತ್ತೆ ಇನ್ನೊಂದು. ಅವಳ ಅಮ್ಮನಿಗೆ ಫಿಟ್ಸ್ ಉಂಟು. ಅದನ್ನು ಅವರಿಗೆ ಮೊದಲೇ ಹೇಳು."

ಆ ಕಡೆ ಅತ್ತಿಗೆಯ ಸ್ವರ ಏರಿದ್ದು ನನಗೆ ಇಲ್ಲಿಗೇ ಕೇಳಿಸಿತು.

"ಹೌದು, ಫಿಟ್ಸ್" ಎಂದು ಇವರು ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದರು. "ಮಾತ್ರೆ ತಗೊಳ್ತಾಳೆ. ಅದರಲ್ಲಿ ಮುಚ್ಚಿಡುವಂಥದ್ದು ಎಂತ ಉಂಟು?"

ಕಂಪೌಂಡಿನ ಆಚೆಯ ಮನೆಯವರಿಗೂ ಕೇಳಿಸಿರಬೇಕು. ಅಲ್ಲೇ ಇದ್ದ ಇವರ ಕುರ್ಚಿಯಲ್ಲಿ ಕೂತೆ. ಹೆದರಿಕೆ ಹೋಗಿರಲಿಲ್ಲ. ಕೇಳಿದರೆ ಕೇಳಲಿ ಎಂದುಕೊಂಡೆ.