ಕಾಕಾ ಬರೆದ ಬಿರುಗಾಳಿ

ಮೊನ್ನೆ ಸುಲ್ತಾನ್ ಬಜಾರ್‌ನಲ್ಲಿ ಹೊಸ ಕನ್ನಡಕಕ್ಕೆ ಕಾದು ನಿಂತಿದ್ದೆ. ಒಳಗೆ ಯಾರೋ ಗಾಜಿನ ಅಂಚು ಉಜ್ಜತೊಡಗಿದರು. ನೀರು ಬೆರೆತ ಗಾಜಿನ ಪುಡಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಮಾಯತ್‌ನಗರದ ನಮ್ಮ ಪಕ್ಕದ ಮನೆಯ ಕಾಕಾ ಕಣ್ಣಮುಂದೆ ಬಂದು ನಿಂತರು...

ಅಬಿಡ್ಸ್‌ನಲ್ಲಿ ಅವರದೊಂದು ಪುಟ್ಟ ಕನ್ನಡಕದ ಅಂಗಡಿ. ರಾಯಚೂರು ಕಡೆಯವರು. ಗಿರಾಕಿಗಳ ಜೊತೆ ಹಿಂದಿ, ತೆಲುಗು. ನನ್ನ ಜೊತೆ ಮಾತ್ರ ಕನ್ನಡ. ತಾವೇ ಗಾಜು ಉಜ್ಜಿ ಮಾಡಿಕೊಂಡ ದುರ್ಬೀನನ್ನು ಮಾಳಿಗೆಯ ಮೇಲಿಟ್ಟು ಗುರುಗ್ರಹದ ಚಿತ್ರ ಬರೆಯುವುದು ಅವರ ಹುಚ್ಚು. ನೋಟ್‌ಬುಕ್ಕಿನ ತುಂಬ ಪೆನ್ಸಿಲ್ಲಿನ ಪಟ್ಟೆಗಳು, ನಡುವೆ ಒಂದು ಬಿಳಿ ಚುಕ್ಕಿ. ಚುಕ್ಕಿ ಅಂದರೆ ಚುಕ್ಕಿಯಲ್ಲ, ಹೆಚ್ಚುಕಡಿಮೆ ಭೂಮಿಯಷ್ಟೇ ದೊಡ್ಡ ಬಿರುಗಾಳಿ.

ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. ಆ ಬಿರುಗಾಳಿಯನ್ನೇ ಕಂಪ್ಯೂಟರಿನಲ್ಲಿ ಎಬ್ಬಿಸಿ, ಬಹುಕಾಲ ಸುತ್ತುವಂತೆ ಮಾಡುವುದು ನನ್ನ ಪ್ರಾಜೆಕ್ಟು. ಗ್ರಹದ ಗಾಳಿಗಳ ವೇಗ ಪುಸ್ತಕಗಳಲ್ಲಿ ಸಿಕ್ಕಿತು. ಚುಕ್ಕಿಯ ಜಾಗವನ್ನು ಕಾಕಾ ಬರೆದ ಚಿತ್ರಗಳಿಂದ ಅಳೆದುಕೊಂಡೆ. ಆದರೆ ಏನು ಮಾಡಿದರೂ ನನ್ನ ಬಿರುಗಾಳಿ ಕಂಪ್ಯೂಟರಿನ ಲೆಕ್ಕದ ನಾಲ್ಕೇ ದಿನಕ್ಕೆ ಚಿಂದಿಯಾಗುತ್ತಿತ್ತು. ಸೋಮವಾರದೊಳಗೆ ಅದು ಚಿಂದಿಯಾಗದೆ ಉಳಿಯದಿದ್ದರೆ ವಿಷಯವನ್ನೇ ಬದಲಿಸು ಎಂದುಬಿಟ್ಟರು ನಮ್ಮ ಮೇಷ್ಟರು.

ಅಳುಮುಖ ಹೊತ್ತು ಅಂಗಡಿಗೆ ಹೋಗಿ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಕಾಕಾ ಮೂರು ಸಲ ನೋಡಿದರು. ಆಮೇಲೆ ಅದನ್ನೆತ್ತಿ, ಗಿರಾಕಿಗಳೆದುರೇ ತಲೆಕೆಳಗು ಮಾಡಿ ಹಿಡಿದರು!

"ಯವ್ವಾ, ಇದನ್ನ ಉತ್ತರಕ್ಕ ಇಟ್ಟೀಯಲ್ಲ! ನನ್ನ ದುರ್ಬೀನು ಎಲ್ಲಾ ತಲಿಕೆಳಗ ತೋರಿಸ್ತೈತಿ. ಕಂಡಂಗ ಬರದೀನಿ. ಮ್ಯಾಲಿಂದು ದಕ್ಷಿಣ ಐತಿ."

"ಮೊದ್ಲ ಯಾಕ ಹೇಳ್ಲಿಲ್ರೀ ಕಾಕಾ?"

"ನೀ ಎಲ್ಲಿ ಕೇಳಿದಿ?"

ನನಗೆ ಸಿಟ್ಟು, ನಗು ಎರಡೂ ಬಂತು. ನಾನು ಬಿರುಗಾಳಿಯನ್ನು ಸುತ್ತಿಸುತ್ತಿದ್ದ ದಿಕ್ಕು ದಕ್ಷಿಣಕ್ಕೆ ಹೊಂದುವಂಥದ್ದು. ಉತ್ತರದಲ್ಲಿ ಅಕ್ಕಪಕ್ಕದ ಗಾಳಿಗಳೇ ಅದನ್ನು ಎಳೆದು ಹರಿದುಹಾಕುತ್ತಿದ್ದವು. ಆಟೋ ಹಿಡಿದು ಕಾಲೇಜಿಗೆ ಓಡಿದೆ. ಚುಕ್ಕಿಯನ್ನು ದಕ್ಷಿಣಕ್ಕೆ ಸರಿಸಲು ಅದರ ಅಕ್ಷಾಂಶದ ಅಂಕೆಯ ಮುಂದೆ ಮೈನಸ್ ಗುರುತು ಹಾಕಿದೆ, ಅಷ್ಟೇ. ಶನಿವಾರ ಫಲಿತಾಂಶ ಬಂತು. ಹತ್ತು ದಿನ, ನೂರು ದಿನ, ಒಂದು ವರ್ಷ... ಚುಕ್ಕಿ ಸುತ್ತುತ್ತಲೇ ಇತ್ತು!

ತೋರಿಸಲು ಮತ್ತೆ ಅಂಗಡಿಗೆ ಓಡಿದೆ. ಕಾಕಾ ಬಾಗಿಲು ಅರ್ಧ ಎಳೆದು ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು.

"ಹೆಂಗ ತಿರಗಾಕತ್ತೈತಿ ನೋಡು! ಇಷ್ಟು ವರ್ಸ ಬರೇ ಚುಕ್ಕಿ ಬರದೆ. ಅದು ತಿರಗೂದು ಇವತ್ತ ಕಂಡೆ."

ಮತ್ತೆ ಹಾಕು, ಮತ್ತೆ ಹಾಕು ಎಂದು ಎಷ್ಟು ಸಲ ನೋಡಿದರೋ! ಹೊರಗೆ ಗಿರಾಕಿಯೊಬ್ಬರು ಕೂಗಿ ಕೂಗಿ ಹೊರಟುಹೋದರು.

ಪ್ರಾಜೆಕ್ಟಿನ ವರದಿಯಲ್ಲಿ ಮೇಷ್ಟರಿಗೆ, ಗೆಳೆಯರಿಗೆ, ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಎಲ್ಲ ವಂದನೆ ಬರೆದೆ. ಕನ್ನಡಕದ ಅಂಗಡಿಯವರ ಹೆಸರು ಹಾಕಿದರೆ ನಕ್ಕಾರು ಎಂದು ಬಿಟ್ಟೆ. ನಾನು ಕೊಟ್ಟ ಪ್ರತಿಯಲ್ಲಿ ಕಾಕಾ ಆ ಪುಟವನ್ನು ಎರಡು ಸಲ ಓದಿದರು... ನನಗೆ ಚಹಾ ತರಿಸಿದರು.

ಅವರು ತೀರಿಕೊಂಡು ವರ್ಷಗಳಾದವು. ಈಗ ಶನಿಗ್ರಹದ ಬಿರುಗಾಳಿಗಳನ್ನು ಸುತ್ತಿಸುತ್ತೇನೆ, ಅದೇ ಹುಮ್ಮಸ್ಸು. ಪ್ರತಿ ಪ್ರಬಂಧದ ಕೊನೆಗೂ ಕಾಕಾರ ಹೆಸರು ಬರೆಯುತ್ತೇನೆ. ಯಾರೂ ನಗುವುದಿಲ್ಲ. ಓದಬೇಕಾದವರೊಬ್ಬರು ಇಲ್ಲ.